ಅಚ್ಚಿಗೆ ಅಂಟಿದ ಎಲೆ

“ಹಲ್ಲು ಬಿದ್ದು ಎಷ್ಟು ದಿನ ಆಯ್ತು?”

ತಲೆ ಎತ್ತದೆಯೇ ಕೇಳಿದಳು ಅವಳು. ಎತ್ತುವ ಹಾಗೂ ಇರಲಿಲ್ಲ ಅನ್ನಿ. ಬಲಗೈಯಲ್ಲಿ ಕಾದ ಮೇಣದ ಚಾಕು, ಎಡಗೈಯಲ್ಲಿ ಯಾರೋ ತಾತನ ಕೆಳದವಡೆಯ ಹಲ್ಲಿನ ಸೆಟ್. ಬಾಗಿಲಲ್ಲಿ ನಿಂತವನು ಮಡಿಚಿದ ಕರವಸ್ತ್ರವೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಉದುರಿದ ಹಲ್ಲನ್ನು ಹೀಗೆ ಜೋಪಾನವಾಗಿ ಹೊತ್ತು ತರುವವರು ವಾರಕ್ಕೊಬ್ಬರಾದರೂ ಅಲ್ಲಿಗೆ ಬರುತ್ತಿದ್ದರು.

“ಹತ್ತು ಕೋಟಿ ವರ್ಷ ಆಗಿರಬಹುದು,” ಅಂದ ಅವನು. “ಒಂದೆರಡು ಲಕ್ಷ ಹೆಚ್ಚುಕಮ್ಮಿ.”

ಈಗ ತಲೆ ಎತ್ತಿದಳು. ನೀಲಿ ಯೂನಿಫಾರ್ಮು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಮೊಣಕೈತನಕ ಗ್ರೀಸು. ನಗು ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ. ಹಲ್ಲಿನ ಲ್ಯಾಬಿನಲ್ಲಿ ಹದಿಮೂರು ವರ್ಷ ದುಡಿದವಳು, ಯಾರು ನಕ್ಕರೂ ಮೊದಲು ಹಲ್ಲು ನೋಡುವುದು ಅಭ್ಯಾಸ. ಎಡಗಡೆಯ ಕೋರೆಹಲ್ಲು ಒಂಚೂರು ಓರೆ. ಚೆನ್ನಾಗಿದೆ, ಸರಿಮಾಡಿಸಬಾರದು ಅಂದುಕೊಂಡಳು. ಅಂದುಕೊಂಡದ್ದಕ್ಕೆ ತನಗೇ ನಾಚಿಕೆಯಾಯಿತು.

ಅವನು ಕರವಸ್ತ್ರ ಬಿಚ್ಚಿದ. ಹೆಬ್ಬೆರಳಿನ ಉಗುರಿನಷ್ಟಿದ್ದ ಸುರುಳಿ ಚಿಪ್ಪು, ಅರ್ಧ ಇನ್ನೂ ಕಲ್ಲಿನೊಳಗೇ ಸಿಕ್ಕಿಕೊಂಡಿತ್ತು.

“ಇದು ಹಲ್ಲಲ್ಲ!”

“ಹಲ್ಲು ಅಂತ ನಾನೆಲ್ಲಿ ಅಂದೆ? ಎಷ್ಟು ದಿನ ಅಂತ ನೀವು ಕೇಳಿದ್ರಿ, ನಾನು ಹೇಳಿದೆ.”

ಅವನು ಲಿಫ್ಟ್ ಮೆಕ್ಯಾನಿಕ್. ಆ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ಮುನಿಸಿಕೊಂಡು ನಿಂತಿತ್ತು. ಅದನ್ನು ಸಮಾಧಾನ ಮಾಡಲು ಬಂದವನು ಮೂರನೇ ಮಹಡಿಯ ಈ ಲ್ಯಾಬಿನ ಬೋರ್ಡು ಓದಿದ್ದ. ವಾರವೆಲ್ಲ ಲಿಫ್ಟಿನ ಗುಂಡಿಯ ಕತ್ತಲಲ್ಲಿ ಕೆಲಸ. ಭಾನುವಾರ ಬಂತೆಂದರೆ ಊರಾಚೆಯ ಮುಚ್ಚಿಹೋದ ಸುಣ್ಣಕಲ್ಲಿನ ಕ್ವಾರಿಯಲ್ಲಿ ಹಾಜರ್. ಅಲ್ಲಿ ಒಂದು ಕಾಲಕ್ಕೆ ಕಡಲಿತ್ತಂತೆ. ಆ ಕಡಲಿನ ಚಿಪ್ಪುಗಳು ಈಗ ಕಲ್ಲಾಗಿವೆಯಂತೆ. ಅವನ್ನು ಹುಡುಕುವುದು ಅವನ ಹುಚ್ಚು. ಕಲ್ಲು ಬಿಡಿಸಲು ಹೊಲಿಗೆ ಸೂಜಿ ಮುರಿದು ಮುರಿದು ಸಾಕಾಗಿ, ದಂತವೈದ್ಯರ ಕೊಕ್ಕೆಮೂತಿಯ ಕಡ್ಡಿ, ಸವೆದದ್ದಾದರೂ ಸರಿ, ಒಂದು ಸಿಕ್ಕೀತೇ ಎಂದು ಕೇಳಲು ಬಂದಿದ್ದ.

“ಕೊಡಿ ಇಲ್ಲಿ,” ಅಂದಳು.

ಚಿಪ್ಪನ್ನು ಮೆತ್ತನೆಯ ಮೇಣದ ಮೇಲೆ ಕೂರಿಸಿ, ದೀಪ ಹತ್ತಿರಕ್ಕೆಳೆದು, ಕಡ್ಡಿ ಹಿಡಿದಳು. ಹತ್ತೇ ನಿಮಿಷ. ಸುರುಳಿಯ ಒಂದು ಸುತ್ತು ಪೂರ್ತಿ ಬಿಡಿಸಿಕೊಂಡಿತು, ಕೂದಲೆಳೆಯಂಥ ಏಣುಗಳು ಸಾಲಾಗಿ ಎದ್ದು ಕಂಡವು.

“ಅಬ್ಬಾ!” ಅಂದ ಅವನು. ಚಿಪ್ಪನ್ನು ನೋಡುತ್ತಿರಲಿಲ್ಲ, ಅವಳ ಕೈ ನೋಡುತ್ತಿದ್ದ. “ಮೂರು ತಿಂಗಳಿಂದ ಒದ್ದಾಡ್ತಿದ್ದೀನಿ ಇದರ ಜೊತೆ. ನಿಮಗೆ ಹೇಗ್ರೀ ಇಷ್ಟು ಬೇಗ ಒಲೀತು?”

ಅವಳ ಕೈಯನ್ನು ಅದುವರೆಗೆ ಯಾರೂ ಹೊಗಳಿದ್ದಿಲ್ಲ. ಹೊಗಳುವುದಾದರೂ ಹೇಗೆ? ಒಳ್ಳೆಯ ಹಲ್ಲಿನ ಸೆಟ್ ಅಂದರೆ ಕಟ್ಟಿಸಿಕೊಂಡದ್ದು ಅಂತ ಗೊತ್ತೇ ಆಗಬಾರದು. ಕೆಲಸ ಎಷ್ಟು ಚೆನ್ನಾಗಿದ್ದರೆ ಅಷ್ಟು ಕಾಣದಂತಿರಬೇಕು. ಅವಳು ಮುಖ ತಗ್ಗಿಸಿ, ಇಲ್ಲದ ಧೂಳನ್ನು ಚಿಪ್ಪಿನ ಮೇಲಿಂದ ಊದಿದಳು.

ಒಳಗೆ ಪ್ಲಾಸ್ಟರ್ ಕಲಸುತ್ತಿದ್ದ ಸೋದರಮಾವ, ಅಂದರೆ ಲ್ಯಾಬಿನ ಯಜಮಾನರು, ಇಣುಕಿ ನೋಡಿದರು. “ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ಈ ಮಹಾರಾಯನಿಗೆ ಎರಡೂ ಇದ್ದು ಕಲ್ಲಿನ ಮೇಲೆ ಆಸೆ!” ಅಂದರು. ಅವತ್ತಿನಿಂದ ಅವನಿಗೆ ಕಲ್ಲಪ್ಪ ಅಂತಲೇ ಹೆಸರು ನಿಂತುಹೋಯಿತು.

ಲಿಫ್ಟೇನೋ ರಿಪೇರಿಯಾಯಿತು. ಆದರೆ ವಾರಕ್ಕೆರಡು ಸಲ “ಚೆಕಿಂಗ್” ಶುರುವಾಯಿತು.

“ಲಿಫ್ಟು ನೆಟ್ಟಗಿದೆ ಕಣೇ,” ಅನ್ನುತ್ತಿದ್ದರು ಮಾವ. “ಕೆಟ್ಟಿರೋದು ಬೇರೆ ಏನೋ.”

“ಸುಮ್ನಿರಿ ಮಾವ, ಕೇಳಿಸುತ್ತೆ.”

“ಕೇಳಿಸ್ಲಿ ಅಂತಾನೇ ಹೇಳ್ತಿರೋದು.”

ಪ್ರತಿ ಸಲವೂ ಒಂದು ಕರವಸ್ತ್ರ, ಒಂದು ಚಿಪ್ಪು. ಬೀಸಣಿಗೆಯಂಥದ್ದು, ಬುಗುರಿಯಂಥದ್ದು, ಒಮ್ಮೆ ಎರಡು ಬಾಗಿಲೂ ಮುಚ್ಚಿಕೊಂಡೇ ಕಲ್ಲಾದದ್ದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಬಿಡಿಸುವಳು, ಅವನು ಎದುರಿನ ಸ್ಟೂಲಿನಲ್ಲಿ ಕೂತು ನೋಡುವನು. ಒಂದು ದಿನ ಅವಳಿಗೇನೋ ಹುರುಪು ಬಂತು. ಬಾಯಿಯ ಅಚ್ಚು ತೆಗೆಯಲು ಗುಲಾಬಿ ಬಣ್ಣದ ಪುಡಿ ಇರುತ್ತದಲ್ಲ, ನೀರಿಗೆ ಹಾಕಿ ಕಲಸಿದರೆ ಎರಡು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುವುದು, ಅದನ್ನು ಚಿಪ್ಪಿನ ಮೇಲೆ ಒತ್ತಿ, ಅಚ್ಚು ಎತ್ತಿ, ಪ್ಲಾಸ್ಟರ್ ಸುರಿದಳು. ಚಿಪ್ಪಿನ ತದ್ರೂಪ ಅಂಗೈಗೆ ಬಂತು.

ಅವನು ಅಸಲನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದ. “ನಂಗೆ ಅಂತ ಮಾಡಿದ್ರಾ?”

“ಇಲ್ಲ, ನಿಮ್ಮ ಲಿಫ್ಟಿಗೆ.”

ಹೀಗೆ ಒಂಬತ್ತು ಚಿಪ್ಪಿನ ನಕಲು ಮಾಡಿದಳು. ಒಂದೂ ಕೆಡಲಿಲ್ಲ.

ಹತ್ತನೇ ಚಿಪ್ಪಿನ ಹೊತ್ತಿಗೆ ಅವಳನ್ನೇ ಕ್ವಾರಿಗೆ ಕರೆದ. ಮಾಲೀಕರ ಒಪ್ಪಿಗೆ ಚೀಟಿ ತೋರಿಸಿ ಒಳಗೆ ಹೋದರೆ, ಎಳೆಬಿಸಿಲು ಅಡ್ಡಡ್ಡ ಬಿದ್ದು ಪ್ರತಿ ಕಲ್ಲಿಗೂ ಉದ್ದ ನೆರಳು. ಅವನು ಒಂದು ಕಲ್ಲು ಎತ್ತಿ, ಒರೆಸಿ, ನಾಲಿಗೆಯಿಂದ ನೆಕ್ಕಿದ.

“ಅಯ್ಯೋ! ಬಾಯಿಗೆ ಹಾಕ್ತೀರಲ್ರೀ!”

“ಒದ್ದೆಯಾದ್ರೆ ಗೆರೆ ಕಾಣುತ್ತೆ. ದಿನಾ ಊರಿನ ಬಾಯಿಗೆಲ್ಲ ಕೈ ಹಾಕೋರು ನೀವು, ನಿಮಗೂ ಅಸಹ್ಯಾನಾ?”

ನಕ್ಕಳು. ಆಮೇಲೆ ಎರಡು ಗಂಟೆ ಕಾಲ ಹುಡುಕಿದಳು, ಬರೀ ಕಲ್ಲು. ಅವನು ಅವಳ ಪಕ್ಕದಲ್ಲೇ ಕೂತು, ಅವಳು ಆಗಲೇ ದಾಟಿಬಂದ ಜಾಗದಿಂದ ಮೂರು ಚಿಪ್ಪು ಎತ್ತಿಕೊಟ್ಟ.

“ಹುಡುಕ್ಬೇಡಿ. ಹುಡುಕಿದ್ರೆ ತಲೆಯಲ್ಲಿ ಇರೋದೇ ಕಾಣೋದು. ಸುಮ್ನೆ ಇರೋದನ್ನ ನೋಡಿ.”

ಅವನು ನೋಡುವ ರೀತಿಯೇ ಹಾಗಿತ್ತು. ಆತುರವಿಲ್ಲ, ಆಸೆಬುರುಕುತನವಿಲ್ಲ. ಸಿಕ್ಕ ಪ್ರತಿಯೊಂದಕ್ಕೂ, ಚೀಲಕ್ಕೆ ಹಾಕುವ ಮೊದಲೇ, ನಂಬರು ಮತ್ತು ಜಾಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಮುರಿದ ಚೂರಿಗೂ ಅದೇ ಮರ್ಯಾದೆ. ಇಂಥ ಮನುಷ್ಯ ತನ್ನನ್ನೂ ಹೀಗೇ ನೋಡುತ್ತಿರಬಹುದೇ ಎಂಬ ಯೋಚನೆ ಬಂದು ಅವಳ ಕಿವಿ ಬಿಸಿಯಾಯಿತು.

ಊಟದ ಡಬ್ಬಿ ಬಿಚ್ಚುವಾಗ ತನ್ನ ದೊಡ್ಡ ಆಸೆಯನ್ನೂ ಬಿಚ್ಚಿದ. ಈ ಕಡಲಿನ ದಡದಲ್ಲಿ ಕಾಡಿತ್ತು ಅಂತ ಅವನ ವಾದ. ಮ್ಯೂಸಿಯಂನ ಅಧಿಕಾರಿ ಮೇಡಂಗೆ ಮೂರು ಪತ್ರ ಬರೆದಿದ್ದ. ಅವರ ಉತ್ತರ ಒಂದೇ ಸಾಲು: ಒಂದು ಎಲೆ ತನ್ನಿ, ಆಮೇಲೆ ಮಾತಾಡೋಣ.

“ಹನ್ನೊಂದು ವರ್ಷದಿಂದ ಆ ಒಂದು ಎಲೆಗೆ ಕಾಯ್ತಿದ್ದೀನಿ,” ಅಂದ. “ಮನೇಲಿ ಅಣ್ಣ ನಗ್ತಾನೆ. ಬೆಟ್ಟ ಅಗೆದು ಇಲಿಯಾದ್ರೂ ಹಿಡಿದ್ಯೇನೋ ಅಂತಾನೆ. ಲಿಫ್ಟ್ ಮೆಕ್ಯಾನಿಕ್ಕಿಗೆ ಯಾಕಪ್ಪಾ ಇದೆಲ್ಲ ಅಂತ ಎಲ್ಲರೂ ಕೇಳ್ತಾರೆ. ನೀವೊಬ್ಬರೇ ಕೇಳ್ಲಿಲ್ಲ.”

ಹೀಗೆ ಇಬ್ಬರೂ ಹೋದ ಐದನೇ ಭಾನುವಾರ ಎಲೆ ಸಿಕ್ಕಿತು.

ಬೂದು ಬಣ್ಣದ ಪದರಗಲ್ಲು. ಸುತ್ತಿಗೆಯ ಏಟಿಗೆ ಒಂದು ಹೋಳು ಪುಡಿಪುಡಿಯಾಯಿತು. ಉಳಿದ ಹೋಳಿನ ಮೇಲೆ ಜರಿಗಿಡದ ಒಂದು ಗರಿ, ಹದಿನಾಲ್ಕು ಪುಟ್ಟ ಎಸಳು, ಕಪ್ಪಗೆ ಹೊಳೆಯುತ್ತಾ. ಅದರ ಮಗ್ಗುಲಲ್ಲೇ ಒಂದು ಬೀಸಣಿಗೆ ಚಿಪ್ಪು. ಅವನು ಕುಣಿಯಲಿಲ್ಲ, ಕೂಗಲಿಲ್ಲ. ಮೊಣಕಾಲೂರಿ ಕೂತು ಟೋಪಿ ತೆಗೆದ. ಕಣ್ಣು ತುಂಬಿ ಬಂದಿತ್ತು.

“ನೋಡಿ, ಎಲ್ಲಿಂದಲೋ ತೇಲಿಕೊಂಡು ಬಂದು ಇದರ ಪಕ್ಕ ಮಲಗಿದೆ.”

“ಎಲೇನಾ?”

“ಎಲೇನೂ,” ಅಂದವನು ಅವಳ ಕಡೆ ನೋಡಿ, ಗಡಬಡಿಸಿ ನೋಟ್‌ಬುಕ್ ಹುಡುಕತೊಡಗಿದ. ನೋಟ್‌ಬುಕ್ ಕೈಯಲ್ಲೇ ಇತ್ತು.

ಮ್ಯೂಸಿಯಂ ಮೇಡಂ ಶುಕ್ರವಾರ ಹತ್ತು ಗಂಟೆಗೆ ಬರಲು ಹೇಳಿದರು. ಚಿಪ್ಪಿನ ಅಂಚಿಗೆ ಮೆತ್ತಿದ್ದ ಕಲ್ಲನ್ನು ಬಿಡಿಸಿಕೊಡಿ ಎಂದು ಅವನು ಹೋಳನ್ನು ಅವಳ ಮೇಜಿನ ಮೇಲೆ ಬಿಟ್ಟುಹೋದ. ಎಲೆಯನ್ನು ಮುಟ್ಟಬಾರದು ಎಂದು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಕೇಳಬೇಕೆಂದು ಅವಳಿಗೂ ಹೊಳೆಯಲಿಲ್ಲ. ತಪ್ಪು ಯಾರದು ಅಂದರೆ ಏನು ಹೇಳೋಣ?

ಗುರುವಾರ ಮಧ್ಯಾಹ್ನದೊಳಗೆ ಚಿಪ್ಪಿನ ಕೆಲಸ ಮುಗಿಯಿತು. ಆಗ ಅವಳಿಗೆ ಅನ್ನಿಸಿತು: ನಾಳೆ ಇದನ್ನು ಮ್ಯೂಸಿಯಂನವರು ಇಟ್ಟುಕೊಳ್ಳುತ್ತಾರೆ. ಹನ್ನೊಂದು ವರ್ಷ ಕಾದವನು ಬರಿಗೈಲಿ ಮನೆಗೆ ಹೋಗಬೇಕು. ಒಂದು ನಕಲು ಮಾಡಿ ಅವನ ಕೈಗಿಟ್ಟರೆ? ಆ ಮುಖ ಹೇಗೆ ಅರಳಬಹುದು!

ಗುಲಾಬಿ ಪುಡಿ ಕಲಸಿದಳು. ಎಲೆಯ ಮೇಲೆ ಒತ್ತಿದಳು. ಎರಡು ನಿಮಿಷ ಎಣಿಸಿ, ಒಂದು ಅಂಚಿನಿಂದ ಎತ್ತಿದಳು.

ಅಚ್ಚನ್ನು ತಿರುಗಿಸಿ ನೋಡಿದಳು.

ಎಲೆ ಅಚ್ಚಿನ ಜೊತೆ ಎದ್ದು ಬಂದಿತ್ತು. ಚಿಪ್ಪು ಅಂದರೆ ಗಟ್ಟಿ ಕಲ್ಲು. ಈ ಎಲೆಯೋ, ಕಲ್ಲಿನ ಮೇಲೆ ಕೂತ ತೆಳ್ಳನೆಯ ಇದ್ದಿಲ ಪೊರೆ ಅಷ್ಟೇ. ಅದೀಗ ಒದ್ದೆ ಗುಲಾಬಿ ಅಚ್ಚಿಗೆ ಅಂಟಿಕೊಂಡು ಮಲಗಿತ್ತು, ಎರಡು ಎಸಳು ಹರಿದು ಚಿಂದಿಯಾಗಿದ್ದವು. ಕಲ್ಲಿನ ಮೇಲೆ ಉಳಿದದ್ದು ಮಾಸಿದ ಒಂದು ಗುರುತು. ಅಚ್ಚು ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಪೊರೆಯೂ ಚೂರಾಗುತ್ತದೆ. ಅಭ್ಯಾಸದ ಕೈ ತಾನಾಗಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿತು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಮಾವ ಬಂದು ನೋಡಿದರು. ತಮಾಷೆ ಮಾಡಲಿಲ್ಲ.

“ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲೇ,” ಅಂದರು. ಆಮೇಲೆ ದನಿ ತಗ್ಗಿಸಿದರು. “ಒಂದು ಮಾತು ಹೇಳ್ಲಾ? ಹಲ್ಲಿನ ಸೆಟ್ಟಿನ ಒಸಡಿಗೆ ರಕ್ತನಾಳ ಬರೀತೀಯಲ್ಲ, ಡಾಕ್ಟರಿಗೇ ಗೊತ್ತಾಗದ ಹಾಗೆ. ಕಲ್ಲಿನ ಮೇಲೆ ಗುರುತು ಹಾಗೇ ಇದೆ. ಕಪ್ಪು ತುಂಬಿಬಿಡು. ನಾಳೆ ಒಂದು ದಿನ ಕಳೆದ್ರೆ ಸಾಕು. ಆ ಹುಡುಗನ ಮನಸ್ಸು ಮುರಿಯೋದಕ್ಕಿಂತ ಮೇಲು.”

ಅವಳು ಕುಂಚ ತೆಗೆದುಕೊಂಡಳು. ಸುಳ್ಳು ಯಾಕೆ ಹೇಳಲಿ, ತೆಗೆದುಕೊಂಡೇಬಿಟ್ಟಳು. ಕಪ್ಪಿಗೆ ಒಂಚೂರು ಕಂದು ಬೆರೆಸಿ, ಒಂದು ಎಸಳಿನ ನಡುವೆ ಒಂದೇ ಒಂದು ನರ ಎಳೆದಳು. ಗೆರೆ ಅಸಲಿನ ಹಾಗೇ ಬಂತು, ಅಸಲಿಗಿಂತ ಚೆನ್ನಾಗಿಯೇ ಬಂತು. ನಾಳೆ ಅವನು ಇದನ್ನು ನೋಡಿ “ಅಬ್ಬಾ” ಅನ್ನುತ್ತಾನೆ. ಇರುವುದನ್ನು ನೋಡಿ ಅಂತ ಹೇಳಿಕೊಟ್ಟವನಿಗೆ ಇಲ್ಲದ್ದನ್ನು ತೋರಿಸಿ ಗಿಟ್ಟಿಸಿದ ಆ ಹೊಗಳಿಕೆಯನ್ನು ಜೀವಮಾನವೆಲ್ಲ ಹೇಗೆ ಹೊರುವುದು?

ಕುಂಚ ತೊಳೆದಿಟ್ಟಳು.

ಆರು ಗಂಟೆಗೆ ಅವನು ಬಂದ. ತಲೆ ಬಾಚಿಕೊಂಡು, ಹೊಸ ಶರಟು ಹಾಕಿಕೊಂಡು ಬಂದಿದ್ದ.

“ಏನಾಯ್ತು? ಯಾಕೆ ಮುಖ ಹೀಗಿದೆ?”

“ಎಲೆ ಹಾಳಾಯ್ತು. ನಾನೇ ಹಾಳು ಮಾಡಿದೆ.” ಒಂದೇ ಉಸಿರಿನಲ್ಲಿ ಅಚ್ಚಿನ ವಿಷಯವನ್ನೆಲ್ಲ ಹೇಳಿದಳು. ಡಬ್ಬಿ ತೆರೆದು ತೋರಿಸಿದಳು. “ನಿಮಗೆ ಅಂತ ನಕಲು ಮಾಡೋಕೆ ಹೋದೆ. ಅದೇನು ನೆಪ ಅಲ್ಲ. ಬೈಯಿರಿ.”

ಅವನು ಸ್ಟೂಲಿನ ಮೇಲೆ ಕೂತ. ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಅಂಚು ಸವರಿದ.

“ಬೈಯೋಕೆ ಬಾಯಿ ಬರ್ತಿಲ್ಲ,” ಅಂದ ಕೊನೆಗೆ. “ಈಗ ಏನೂ ಮಾತಾಡೋದು ಬೇಡ. ಮಾತಾಡಿದ್ರೆ ಏನಾದ್ರೂ ಕೆಟ್ಟದ್ದೇ ಬರುತ್ತೆ.”

ಕಲ್ಲು ಎತ್ತಿಕೊಂಡು ಹೋದ. ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಲಿಫ್ಟು ಕೆಳಗಿಳಿಯುವ ಸದ್ದು ಪೂರ್ತಿ ನಿಲ್ಲುವತನಕ ಅವಳು ಬಾಗಿಲಲ್ಲೇ ನಿಂತಿದ್ದಳು. ಪ್ರೀತಿ ಅಂದರೆ ಇದೇ ಇರಬೇಕು ಅಂತ ಅವಳಿಗೆ ಆಗ ಖಾತ್ರಿಯಾಯಿತು, ಅದು ಕೆಳಗಿಳಿದು ಹೋದ ಮೇಲೆ.

ಡಬ್ಬಿಯನ್ನು ಮನೆಗೊಯ್ದಳು. ಗಂಟೆಗೊಮ್ಮೆ ಬಟ್ಟೆ ಒದ್ದೆ ಮಾಡಿದಳು.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಅವಳೂ ಡಬ್ಬಿ ಹಿಡಿದು ಮ್ಯೂಸಿಯಂ ತಲುಪಿದಳು. ಮೇಡಂ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನು ಕೂತಿದ್ದ, ಕಲ್ಲು ತೊಡೆಯ ಮೇಲೆ. ನಿದ್ದೆಗೆಟ್ಟ ಕಣ್ಣು.

“ತಪ್ಪು ಮಾಡಿದ್ದು ನಾನು. ಬೈಸಿಕೊಳ್ಳೋಕೂ ನಾನೇ ಇರ್ಬೇಕಲ್ಲ,” ಅಂದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

“ಇಡೀ ರಾತ್ರಿ ಕೋಪ ಮಾಡ್ಕೊಂಡಿದ್ದೆ,” ಅಂದ ಅವನು, ನೆಲ ನೋಡುತ್ತಾ. “ತುಂಬಾನೇ ಕೋಪ. ಬೆಳಗ್ಗೆ ಬಿಸಿಲಿಗೆ ಹಿಡಿದು ಕಲ್ಲು ನೋಡ್ತಿದ್ದೆ. ಒಂದು ಗೆರೆ ಕಂಡಿತು.”

ಅವಳು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. “ಒರೆಸೋಕೆ ಧೈರ್ಯ ಬರ್ಲಿಲ್ಲ. ಒರೆಸಿದ್ರೆ ಉಳಿದದ್ದೂ ಹೋಗುತ್ತೇನೋ ಅಂತ.”

“ನೀವೇ ಬರೆದದ್ದು ಅಂತ ಗೊತ್ತಾಯ್ತು. ಹದಿನಾಲ್ಕೂ ಬರೆದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಕಣ್ರೀ. ಖುಷಿಯಾಗಿ ಕೈಕುಲುಕಿ ಹೋಗ್ತಿದ್ದೆ. ಒಂದು ಗೆರೆಗೆ ನಿಲ್ಲಿಸಿ, ನನ್ನ ಎದುರು ನಿಂತು, ಹಾಳು ಮಾಡಿದೆ ಅಂದ್ರಿ.” ಈಗ ಅವಳನ್ನು ನೋಡಿದ. “ಎಲೆ ಹೋಗಿದ್ದಕ್ಕೆ ಹೊಟ್ಟೆ ಉರೀತಿದೆ. ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಮೇಲೆ ನಂಗೆ ಇರೋದು ಕೋಪ ಅಲ್ಲ.”

ಮತ್ತೇನು ಎಂದು ಕೇಳುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಮೇಡಂ ಅಂದರೆ ಬೆಳ್ಳಿಗೂದಲಿನ, ಸರದಲ್ಲಿ ಕನ್ನಡಕ ತೂಗಿಸಿಕೊಂಡ, ಚುರುಕು ಮಾತಿನ ಹೆಂಗಸು. ಕಲ್ಲು ನೋಡಿದರು, ಕತೆ ಕೇಳಿದರು. ಚೆನ್ನಾಗಿ ಬೈದರು.

“ಹತ್ತು ಕೋಟಿ ವರ್ಷ ಒಂದು ಗಾಯ ಆಗದೆ ಉಳಿದಿತ್ತು. ನಿಮ್ಮ ಮೇಜಿನ ಮೇಲೆ ಒಂದು ಮಧ್ಯಾಹ್ನ ಉಳೀಲಿಲ್ವಲ್ಲಮ್ಮಾ! ತನ್ನಿ ಆ ಡಬ್ಬಿ.”

ಒದ್ದೆ ಬಟ್ಟೆ ಬಿಚ್ಚಿ ಅಚ್ಚನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬೈಗುಳ ಅರ್ಧಕ್ಕೇ ನಿಂತಿತು. ಕನ್ನಡಕ ತೆಗೆದು ಒರೆಸಿ, ಮತ್ತೆ ಬಗ್ಗಿದರು.

“ಇಲ್ಲಿ ಬನ್ನಿ ಇಬ್ಬರೂ. ಇದು ಕಲ್ಲಿಗೆ ಅಂಟಿಕೊಂಡಿದ್ದ ಬದಿ. ಎಲೆಯ ಬೆನ್ನು. ಏನು ಕಾಣುತ್ತೆ?”

ಅವಳು ಕಣ್ಣಿಟ್ಟಳು. ಪ್ರತಿ ಎಸಳಿನ ಅಂಚಿಗೂ ಸಣ್ಣ ಸಣ್ಣ ಉಬ್ಬಿದ ಚುಕ್ಕೆ, ಎರಡೆರಡು ಸಾಲು.

“ಜರಿಗಿಡ ಬೀಜದ ಬದಲು ಧೂಳು ಉದುರಿಸುತ್ತಲ್ಲ, ಆ ಧೂಳಿನ ಚೀಲಗಳು,” ಅಂದರು ಮೇಡಂ. “ಮುಂದಿನ ಬದಿ ಮಾತ್ರ ನೋಡಿದ್ರೆ ಯಾವ ಜಾತಿ ಅಂತ ನಾನು ಹೇಳ್ತಿರ್ಲಿಲ್ಲ. ಈಗ ಹೇಳಬಹುದು. ಎರಡು ಎಸಳು ಹೋದದ್ದು ಹೋಯ್ತು, ಅದಕ್ಕೆ ನಾನು ಕ್ಷಮಿಸಲ್ಲ. ಬಟ್ಟೆ ಒಣಗೋಕೆ ಬಿಟ್ಟಿದ್ರೆ ಎಲ್ಲಾ ಹೋಗಿರ್ತಿತ್ತು.” ಆಮೇಲೆ ಅವನ ಕಡೆ ತಿರುಗಿದರು. “ನಿಮ್ಮ ಮೂರು ಪತ್ರವೂ ನನ್ನ ಹತ್ತಿರ ಇವೆ. ದಡದಲ್ಲಿ ಕಾಡಿತ್ತು. ಒಪ್ಪಿದೆ.”

ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂತು.

ಮೇಡಂ ಕಲ್ಲನ್ನು ಮತ್ತೆ ದೀಪಕ್ಕೆ ಹಿಡಿದರು. ಹುಬ್ಬು ಗಂಟಿಕ್ಕಿತು. “ಈ ಗೆರೆ ಏನು? ಇದು ಹೊಸದು, ಬಣ್ಣ. ಒರೆಸಿಬಿಡ್ತೀನಿ.” ಸ್ಪಿರಿಟ್ ಬಾಟಲಿಗೆ ಕೈ ಹಾಕಿದರು.

“ಬೇಡ ಮೇಡಂ!” ಅವನ ದನಿ ಕೋಣೆಗೆಲ್ಲ ಕೇಳಿಸಿತು.

“ಯಾಕ್ರೀ ಬೇಡ?”

“ಅದು ಇವರು ಬರೆದದ್ದು.”

ಮೇಡಂ ಅವನನ್ನು ನೋಡಿದರು. ಅವಳನ್ನು ನೋಡಿದರು. ಬಾಟಲಿ ಮೇಜಿನ ಮೇಲಿಟ್ಟು ನಿಧಾನವಾಗಿ ಕೇಳಿದರು: “ಇವರು ನಿಮಗೆ ಏನಾಗಬೇಕು?”

“ಸದ್ಯಕ್ಕೆ ಏನೂ ಇಲ್ಲ ಮೇಡಂ,” ಅಂದ. ಕತ್ತಿನತನಕ ಕೆಂಪಾಗಿದ್ದ. “ಕೇಳ್ಬೇಕು ಅಂತ ಮೂರು ತಿಂಗಳಿಂದ ಅಂದ್ಕೊಳ್ತಿದ್ದೀನಿ.”

“ಹಾಗಾದ್ರೆ ಕೇಳಿ. ನಂಗೆ ಹನ್ನೊಂದಕ್ಕೆ ಮೀಟಿಂಗ್ ಇದೆ.”

ಅವನು ತಿರುಗಿದ. ಕಲ್ಲು, ಚಿಪ್ಪು, ಮೇಡಂ, ಗಡಿಯಾರ ಎಲ್ಲವನ್ನೂ ಮರೆತವನ ಹಾಗೆ ಅವಳ ಮುಂದೆ ನಿಂತ.

“ನಂಗೆ ಚೆಂದ ಮಾತಾಡೋಕೆ ಬರಲ್ಲ. ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ನಿಮ್ಮ ಕೈ ಇಷ್ಟ, ನೀವು ನಿಜ ಹೇಳಿದ್ದು ಇಷ್ಟ. ನನ್ನ ಮದುವೆ ಆಗ್ತೀರಾ?”

ಅವಳು “ಹೂಂ” ಅಂದಳು. ಅಷ್ಟು ಮೆಲ್ಲಗೆ ಅಂದಳು ಅಂದರೆ, ಮೇಡಂ ಕುರ್ಚಿಯಿಂದ ಮುಂದೆ ಬಾಗಿ, “ಏನಂದ್ರು? ಏನಂದ್ರು?” ಅಂತ ಕೇಳಬೇಕಾಯಿತು.

“ಹೂಂ ಅಂದ್ರು ಮೇಡಂ,” ಅಂದ ಅವನು.

ಅವಳು ಕಣ್ಣೊರೆಸಿಕೊಂಡು ಮೇಜಿನ ಹತ್ತಿರ ಹೋದಳು. ಹತ್ತಿ ತೆಗೆದು ಸ್ಪಿರಿಟ್ಟಿನಲ್ಲಿ ಅದ್ದಿ, ತಾನು ಎಳೆದ ಗೆರೆಯನ್ನು ಒಂದೇ ಸಲ ಸವರಿ ತೆಗೆದುಹಾಕಿದಳು. ಅಡಿಯಲ್ಲಿ ಬೂದು ಕಲ್ಲು, ಅದರ ಮೇಲೆ ಎಲೆಯ ಮಾಸಿದ ಗುರುತು ಇದ್ದ ಹಾಗೇ ಇತ್ತು. ಇನ್ನು ಅವನಿಗಾಗಿ ಏನನ್ನೂ ಬಣ್ಣ ಬಳಿದು ತೋರಿಸಬೇಕಾಗಿಲ್ಲ ಅಂತ ಅವಳಿಗೆ ಅನ್ನಿಸಿತು, ಮೈಯೆಲ್ಲ ಹಗುರವಾಯಿತು. ಹತ್ತಿಯನ್ನು ಬುಟ್ಟಿಗೆ ಹಾಕಿ ತಿರುಗಿದರೆ, ಅವನು ಇನ್ನೂ ಅವಳನ್ನೇ ನೋಡುತ್ತಾ ನಿಂತಿದ್ದ.